ಬೆಟ್ಟದ ಮೇಲೊಂದು ಊರು, ಸುತ್ತ ಅದರ ನೆಂಟರು

ಮೈಸೂರಿನಲ್ಲಿ ದಾರಿ ತಪ್ಪಿದವರಿಗೆ ಹಿರಿಯರು ಹೇಳುವ ಉಪಾಯ ಒಂದೇ: ತಲೆಯೆತ್ತಿ ಬೆಟ್ಟ ಯಾವ ಕಡೆ ಇದೆ ನೋಡಿಕೋ. ಬೆಟ್ಟ ಕಂಡರೆ ದಿಕ್ಕು ತಿಳಿಯಿತು, ದಿಕ್ಕು ತಿಳಿದರೆ ಮನೆ ಸಿಕ್ಕಿತು. ನಮ್ಮ ಊರಿನವರ ಬಾಯಲ್ಲಿ ‘ಬೆಟ್ಟ’ ಅಂದರೆ ಚಾಮುಂಡಿ ಬೆಟ್ಟವೇ. ಬೇರೆ ಹೆಸರು ಸೇರಿಸಬೇಕಾಗಿಲ್ಲ.

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು ನಾನು. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಒಂದು ಪ್ರಶ್ನೆ ಕೇಳುತ್ತಿದ್ದೆ. ‘ಬೆಟ್ಟದ ಮೇಲೆ ಏನೇನಿದೆ, ಹೇಳಿ ನೋಡೋಣ?’ ಕೈಗಳು ಮೇಲೇಳುತ್ತಿದ್ದವು. ದೇವಸ್ಥಾನ! ಕತ್ತಿ ಹಿಡಿದ ಮಹಿಷಾಸುರ! ದೊಡ್ಡ ಬಸವ! ಕೋತಿ! ಸುಟ್ಟ ಜೋಳ! ಮಸಾಲೆ ಸೌತೆಕಾಯಿ! ಉತ್ತರಗಳೆಲ್ಲ ಸರಿಯೇ. ಆದರೆ ‘ಒಂದು ಊರಿದೆ ಸಾರ್’ ಎಂದು ಹೇಳುವ ಮಗು ಅಪರೂಪ. ಹೇಳಿದರೆ ಆ ಮಗು ಬೆಟ್ಟದ ಮೇಲಿನದೇ ಆಗಿರುತ್ತಿತ್ತು.

ಹೌದು ಮಕ್ಕಳೇ, ಬೆಟ್ಟದ ಮೇಲೆ ಒಂದು ಊರಿದೆ. ಮನೆಗಳಿವೆ, ಬೀದಿಗಳಿವೆ, ಮುಂಜಾನೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುವ ಅಮ್ಮಂದಿರಿದ್ದಾರೆ. ಆ ಊರಿಗೆ ತನ್ನದೇ ಗ್ರಾಮ ಪಂಚಾಯಿತಿ ಇದೆ. ಬೆಟ್ಟದ ಸುತ್ತ, ಕೆಳಗೆ, ಅದಕ್ಕೆ ನೆಂಟರಂತಿರುವ ಹಳ್ಳಿಗಳೂ ಇವೆ. ಈ ವಾರ ಆ ಊರನ್ನೂ ಅದರ ನೆಂಟರನ್ನೂ ನೋಡಿಕೊಂಡು ಬರೋಣ.

ಗೋಪುರದ ಹಿಂದಿನ ಬೀದಿ

ಚಾಮುಂಡಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 3,489 ಅಡಿ. ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ ಹತ್ತಿದರೆ ಹದಿಮೂರು ಕಿಲೋಮೀಟರಿನಷ್ಟು ಸುತ್ತು ದಾರಿ. ಬಸ್ಸಿಳಿದವರೆಲ್ಲ ಮಹಿಷಾಸುರನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ನೇರ ದೇವಸ್ಥಾನದ ಸಾಲಿಗೆ ಹೋಗುತ್ತಾರೆ. ದರ್ಶನ, ಪ್ರಸಾದ, ತಿರುಗಿ ಬಸ್ಸು. ಹೀಗೆ ಬಂದು ಹೀಗೆ ಹೋಗುವವರಿಗೆ ಊರು ಕಾಣುವುದೇ ಇಲ್ಲ.

ಕಳೆದ ಸಲ ನನ್ನ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದಾಗ, ದರ್ಶನ ಮುಗಿಸಿ ಬಸ್ಸಿನ ಕಡೆ ಹೋಗದೆ ದೇವಸ್ಥಾನದ ಹಿಂದಿನ ಬೀದಿಗಳಿಗೆ ತಿರುಗಿದೆವು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಗದ್ದಲ ನಿಂತುಹೋಯಿತು. ಒಂದು ಮನೆಯ ಮುಂದೆ ಹಪ್ಪಳ ಒಣಗುತ್ತಿತ್ತು, ಪಕ್ಕದಲ್ಲಿ ಕೋತಿ ಓಡಿಸಲು ಕೋಲು ಹಿಡಿದು ಕೂತ ಒಬ್ಬ ಅಜ್ಜಿ. ಇನ್ನೊಂದು ಜಗಲಿಯ ಮೇಲೆ ಹುಡುಗನೊಬ್ಬ ಮಗ್ಗಿ ಬಾಯಿಪಾಠ ಮಾಡುತ್ತಿದ್ದ.

‘ತಾತ, ಇಲ್ಲಿ ಮಕ್ಕಳೂ ಇರ್ತಾರಾ? ಅವರು ದಿನಾ ಸಾವಿರ ಮೆಟ್ಟಿಲು ಇಳಿದು ಸ್ಕೂಲಿಗೆ ಹೋಗ್ತಾರಾ?’ ಎಂದು ಮೊಮ್ಮಗಳು ಕಣ್ಣರಳಿಸಿದಳು.

‘ಚಿಕ್ಕ ಮಕ್ಕಳಿಗೆ ಇಲ್ಲೇ ಸರ್ಕಾರಿ ಶಾಲೆ ಇದೆ ಪುಟ್ಟಿ. ದೊಡ್ಡ ಓದಿಗೆ ಕೆಳಗೆ ಹೋಗಬೇಕು. ಅವರಿಗೆ ಬಸ್ಸೇ ಗತಿ’ ಎಂದೆ.

ಕೋಲು ಹಿಡಿದ ಅಜ್ಜಿ ನಮ್ಮ ಮಾತು ಕೇಳಿಸಿಕೊಂಡು ನಕ್ಕರು. ‘ನಾವು ಮೈಸೂರಿಗೆ ಹೋಗೋದು ಅನ್ನಲ್ಲ ಕಣಮ್ಮ, ಕೆಳಕ್ ಹೋಗ್ಬರ್ತೀವಿ ಅಂತೀವಿ’ ಎಂದರು. ತರಕಾರಿ ತರಬೇಕೇ, ಕೆಳಗೆ. ಹಲ್ಲು ನೋವೇ, ಕೆಳಗೆ. ಮಗಳ ಮನೆಗೆ ಹೋಗಬೇಕೇ, ಕೆಳಗೆ. ನಮಗೆ ಬೆಟ್ಟ ಹೇಗೆ ‘ಮೇಲೆ’ಯೋ, ಅವರಿಗೆ ಇಡೀ ಮೈಸೂರು ಹಾಗೆ ‘ಕೆಳಗೆ’.

ಇಲ್ಲಿನ ಹಲವು ಮನೆಗಳ ಬದುಕು ದೇವಸ್ಥಾನದ ಸುತ್ತಲೇ ನಡೆಯುತ್ತದೆ. ಪೂಜೆಯವರು, ವಾದ್ಯದವರು, ದೇವಸ್ಥಾನದ ನೌಕರರು, ಹೂವು ಕಟ್ಟುವವರು, ಹಣ್ಣುಕಾಯಿ ಅಂಗಡಿಯವರು. ಆಷಾಢದಲ್ಲಿ ಮತ್ತು ದಸರೆಯಲ್ಲಿ ಕೈತುಂಬ ಕೆಲಸ. ಮಳೆ ಹಿಡಿದು ಮಂಜು ಮುಚ್ಚಿದ ದಿನಗಳಲ್ಲಿ ಅಂಗಡಿಯ ಮುಂದೆ ಕೋತಿಗಳದೇ ಕಾರುಬಾರು.

ಬೆಟ್ಟದ ತುದಿಯಲ್ಲಿ ನೀರು ಹೇಗೆ ಎಂದು ನೀವು ಕೇಳಬಹುದು. ನೀರು ಕೆಳಕ್ಕೆ ಹರಿಯುತ್ತದೆಯೇ ಹೊರತು ಮೇಲಕ್ಕೆ ಹತ್ತುವುದಿಲ್ಲ ತಾನೇ? ಅದಕ್ಕೇ ಹಿಂದಿನವರು ಮಳೆನೀರು ನಿಲ್ಲುವ ತಗ್ಗು ಹುಡುಕಿ ಕೆರೆ ಕಟ್ಟಿದರು. ದೇವಿಕೆರೆ ಎಂದು ಅದರ ಹೆಸರು. ಈಗ ಪಂಪು ಮಾಡಿದ ನೀರು ಕೊಳವೆಯಲ್ಲಿ ಬೆಟ್ಟ ಹತ್ತಿ ಬರುತ್ತದೆ. ಆದರೂ ದೇವಿಕೆರೆಗೆ ಒಂದು ಗೌರವ ಉಳಿದಿದೆ. ತಾಯಿಯ ತೆಪ್ಪೋತ್ಸವ ನಡೆಯುವುದು ಅಲ್ಲೇ.

ಕಲ್ಲಿನ ವಯಸ್ಸು, ಊರಿನ ವಯಸ್ಸು

ಬೆಟ್ಟದ ಬಂಡೆಯನ್ನು ಮುಟ್ಟಿ ನೋಡಿ. ಅಲ್ಲಲ್ಲಿ ನಸುಗೆಂಪು ಬಣ್ಣ, ಕಾಳುಕಾಳಾಗಿ ಹೊಳೆಯುವ ಮೈ. ಇದು ಗ್ರಾನೈಟ್ ಶಿಲೆ. ಭೂಮಿಯ ಒಳಗೆ ಕುದಿಯುತ್ತಿದ್ದ ಶಿಲಾರಸ ನಿಧಾನವಾಗಿ ತಣಿದು ಗಟ್ಟಿಯಾದದ್ದು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಇದರ ವಯಸ್ಸು ಸುಮಾರು 80 ಕೋಟಿ ವರ್ಷ. ಆಗ ಭೂಮಿಯ ಮೇಲೆ ಮನುಷ್ಯರಿರಲಿ, ಡೈನೋಸಾರ್‌ಗಳೂ ಹುಟ್ಟಿರಲಿಲ್ಲ. ಮೇಲಿದ್ದ ಮಣ್ಣು ಮಳೆಗೆ, ಗಾಳಿಗೆ ಸವೆದು ಹೋದಂತೆ ಗಟ್ಟಿ ಕಲ್ಲು ಮಾತ್ರ ಎತ್ತರಕ್ಕೆ ಉಳಿದುಕೊಂಡಿತು. ಅದೇ ನಮ್ಮ ಬೆಟ್ಟ.

ಇನ್ನು ಊರಿನ ವಯಸ್ಸು. ಚಾಮುಂಡೇಶ್ವರಿಯ ಗೋಪುರ ಎಲ್ಲರಿಗೂ ಕಾಣುತ್ತದೆ. ಅದರ ಪಕ್ಕದಲ್ಲೇ, ಅಷ್ಟು ಎತ್ತರವಿಲ್ಲದ ಒಂದು ಹಳೆಯ ಗುಡಿ ಇದೆ. ಮಹಾಬಲೇಶ್ವರನ ಗುಡಿ. ಬೆಟ್ಟದ ಹಿರಿಯ ಈತನೇ. ಹಿಂದೆ ಬೆಟ್ಟಕ್ಕೆ ಮಹಾಬಲಾದ್ರಿ ಎಂಬ ಹೆಸರಿತ್ತು. ಹಳೆಯ ಶಾಸನಗಳಲ್ಲಿ ಈ ಸ್ಥಳ ‘ಮಾರ್ಬಳ’ ಎಂದು ಬರುತ್ತದೆ. ಹೊಯ್ಸಳರ ವಿಷ್ಣುವರ್ಧನ 1128ರಲ್ಲಿ ಇಲ್ಲಿಗೆ ದತ್ತಿ ಕೊಟ್ಟದ್ದು ಶಾಸನದಲ್ಲಿದೆ. ಎಂದರೆ, ಕೆಳಗೆ ಮೈಸೂರು ಎಂಬ ದೊಡ್ಡ ನಗರ ಬೆಳೆಯುವ ನೂರಾರು ವರ್ಷ ಮೊದಲೇ ಮೇಲೆ ದೀಪ ಉರಿಯುತ್ತಿತ್ತು. ದೀಪ ಹಚ್ಚುವವರು ಇದ್ದರು ಎಂದ ಮೇಲೆ ಅವರಿಗೊಂದು ಮನೆಯೂ ಇತ್ತು ಎಂದಾಯಿತಲ್ಲ?

ಕೆಳಗಿನ ಊರಿನ ಕತೆ ನೋಡಿ. 1524ರಲ್ಲಿ ಚಾಮರಾಜ ಒಡೆಯರು ಪುರಗೆರೆ ಎಂಬ ಹಳ್ಳಿಯಲ್ಲಿ ಕೋಟೆ ಕಟ್ಟಿಸಿ, ಅದಕ್ಕೆ ಮಹಿಷೂರು ಎಂದು ಹೆಸರಿಟ್ಟರು ಎನ್ನುತ್ತದೆ ಇತಿಹಾಸ. ಮಹಿಷೂರು ಬಾಯಿಂದ ಬಾಯಿಗೆ ಸವೆದು ಮೈಸೂರಾಯಿತು. ಮೇಲಿನ ಊರು ಅಕ್ಕ, ಕೆಳಗಿನ ನಗರ ತಂಗಿ ಎಂದರೆ ತಪ್ಪಾಗಲಾರದು. ತಂಗಿ ಅಕ್ಕನಿಗಿಂತ ತುಂಬಾ ದೊಡ್ಡವಳಾಗಿ ಬೆಳೆದಳು, ಅಷ್ಟೇ.

ಒಡೆಯರು ಬೆಟ್ಟದ ತಾಯಿಯನ್ನು ಮನೆದೇವರಾಗಿ ಕಂಡರು. ಈಗ ಕಾಣುವ ಏಳು ನೆಲೆಯ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1827ರದು. ಗುಡಿಯ ಒಳಗೆ ಮುಮ್ಮಡಿಯವರೂ ಅವರ ಮೂವರು ರಾಣಿಯರೂ ಕೈಮುಗಿದು ನಿಂತಿರುವ ಪ್ರತಿಮೆಗಳಿವೆ. ಮುಂದಿನ ಸಲ ಹೋದಾಗ ಮರೆಯದೆ ನೋಡಿ. ಊರನ್ನಾಳಿದವರು ಸಾಲಿನಲ್ಲಿ ನಿಂತ ಭಕ್ತರಂತೆಯೇ ನಿಂತಿದ್ದಾರೆ.

ಸಾವಿರ ಮೆಟ್ಟಿಲು, ಒಬ್ಬ ಬಸವಣ್ಣ

ಬಸ್ಸು, ಕಾರು ಇಲ್ಲದ ಕಾಲದಲ್ಲಿ ಮೇಲಿನ ಊರಿಗೂ ಕೆಳಗಿನ ಊರಿಗೂ ಸಂಬಂಧ ಕಟ್ಟಿದ್ದು ಕಲ್ಲಿನ ಮೆಟ್ಟಿಲು. ಸುಮಾರು ಒಂದು ಸಾವಿರ ಮೆಟ್ಟಿಲುಗಳ ಈ ದಾರಿಯನ್ನು ಕಟ್ಟಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು. ಹತ್ತುವವರಿಗೆ ಏದುಸಿರು ಬಂದು ‘ಇನ್ನೂ ಎಷ್ಟಿದೆಯಪ್ಪಾ’ ಎನ್ನುವ ಹೊತ್ತಿಗೆ, ಸುಮಾರು ಏಳುನೂರನೇ ಮೆಟ್ಟಿಲಿನ ಬಳಿ ಬಸವಣ್ಣ ಸಿಗುತ್ತಾನೆ. ಅವನನ್ನು ಕೆತ್ತಿಸಿದವರೂ ಅವರೇ. ಹದಿನೈದು ಅಡಿಗೂ ಮೀರಿದ ಎತ್ತರ, ಇಪ್ಪತ್ತನಾಲ್ಕು ಅಡಿ ಉದ್ದ. ಬೇರೆಲ್ಲಿಂದಲೋ ಹೊತ್ತು ತಂದ ಕಲ್ಲಲ್ಲ, ಬೆಟ್ಟದ ಬಂಡೆಯೇ ಬಸವನಾಯಿತು. ಕೊರಳಿನ ಗಂಟೆಗಳ ಸರವನ್ನು ಎಣಿಸಲು ಹೊರಟರೆ ಮಕ್ಕಳಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಜ್ಜಂದಿರಿಗೂ ಅಷ್ಟು ಹೊತ್ತು ಕಾಲು ಚಾಚಲು ನೆಪ ಸಿಕ್ಕುತ್ತದೆ!

ಆಷಾಢ ಶುಕ್ರವಾರಗಳಲ್ಲಿ ಮೆಟ್ಟಿಲು ಹತ್ತುವುದು ನೋಡಬೇಕು. ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಡುತ್ತಾ ಹತ್ತುತ್ತಾರೆ. ಸಾವಿರ ಸಲ ಬಗ್ಗಿ, ಸಾವಿರ ಸಲ ಎದ್ದು. ಕೆಳಗಿನಿಂದ ನೋಡಿದರೆ ಬೂದು ಕಲ್ಲಿನ ದಾರಿ ಹಳದಿ ಕೆಂಪಾಗಿ ಮೇಲಕ್ಕೆ ಹರಿಯುತ್ತಿದೆ ಎನಿಸುತ್ತದೆ.

ತಂಗಿಯ ಊರು ಉತ್ತನಹಳ್ಳಿ

ಈಗ ಬೆಟ್ಟದ ನೆಂಟರ ಕಡೆಗೆ ಬರೋಣ. ಮೊದಲನೆಯದು ಉತ್ತನಹಳ್ಳಿ. ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ, ನಂಜನಗೂಡಿನ ಕಡೆಗಿದೆ. ಅಲ್ಲಿ ಜ್ವಾಲಾಮುಖಿ ತ್ರಿಪುರಸುಂದರಿಯ ಗುಡಿ. ಈಕೆ ಚಾಮುಂಡಿಯ ತಂಗಿ ಎಂಬುದು ಮೈಸೂರು ಸೀಮೆಯ ನಂಬಿಕೆ. ಹಳ್ಳಿಯ ಹಾಡುಗಳಲ್ಲಿ ಈಕೆಗೆ ಉರುಕಾತಿ ಎಂಬ ಹೆಸರೂ ಉಂಟು.

ಈ ಅಕ್ಕ ತಂಗಿಯರ ಕತೆಯನ್ನು ನನಗೆ ಹೇಳಿದವರು ನಮ್ಮಜ್ಜಿ. ನೀವೂ ಕೇಳಿ.

ಚಾಮುಂಡಿ ಮಹಿಷನ ಜೊತೆ ಯುದ್ಧಕ್ಕೆ ನಿಂತಳಂತೆ. ಕತ್ತಿ ಬೀಸಿದಳು, ರಾಕ್ಷಸನ ರಕ್ತ ನೆಲಕ್ಕೆ ಬಿತ್ತು. ಬಿದ್ದದ್ದೇ ತಡ, ಒಂದೊಂದು ಹನಿಯಿಂದಲೂ ಒಬ್ಬೊಬ್ಬ ರಾಕ್ಷಸ ಎದ್ದು ನಿಂತ! ಹತ್ತು ಮಂದಿಯನ್ನು ಕಡಿದರೆ ನೂರು ಮಂದಿ, ನೂರು ಮಂದಿಯನ್ನು ಕಡಿದರೆ ಸಾವಿರ. ತಾಯಿ ಎಷ್ಟೆಂದು ಕಡಿದಾಳು? ಮೈಯೆಲ್ಲ ಬೆವರಿತು. ಹಣೆಯ ಬೆವರನ್ನು ಬೆರಳಿನಿಂದ ಒರೆಸಿ ಕೊಡವಿದಳು. ಆ ಬೆವರಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದಳು. ‘ಅಕ್ಕಾ, ಯಾಕೆ ಕರೆದೆ?’ ಎಂದು ಕೇಳಿದಳು. ‘ತಂಗಿ, ಇವನ ರಕ್ತ ನೆಲ ಮುಟ್ಟಬಾರದು. ನಿನ್ನ ನಾಲಿಗೆ ಹಾಸು’ ಎಂದಳು ಚಾಮುಂಡಿ. ತಂಗಿ ನಾಲಿಗೆಯನ್ನು ನೆಲದುದ್ದಕ್ಕೂ ಚಾಪೆಯ ಹಾಗೆ ಹಾಸಿದಳು. ಅಕ್ಕ ಕಡಿದಳು, ತಂಗಿ ಒಂದು ಹನಿಯೂ ನೆಲಕ್ಕೆ ಬೀಳದಂತೆ ನೋಡಿಕೊಂಡಳು. ಹೊಸ ರಾಕ್ಷಸ ಹುಟ್ಟಲಿಲ್ಲ. ಮಹಿಷ ಸತ್ತ. ಅಕ್ಕ ಬೆಟ್ಟದ ಮೇಲೆ ನೆಲೆಸಿದಳು, ತಂಗಿ ಕೆಳಗೆ ಉತ್ತನಹಳ್ಳಿಯಲ್ಲಿ ನಿಂತಳು.

ಕತೆ ಮುಗಿಸಿ ನಮ್ಮಜ್ಜಿ ಒಂದು ಮಾತು ಸೇರಿಸುತ್ತಿದ್ದರು. ‘ದೊಡ್ಡ ಕೆಲಸ ಒಬ್ಬರಿಂದ ಆಗಲ್ಲ ಕಣೋ ಮಗ. ತಾಯಿ ಚಾಮುಂಡಿಗೇ ತಂಗಿ ಬೇಕಾಯ್ತು.’ ಬೆಟ್ಟಕ್ಕೆ ಹೋದವರು ತಂಗಿಯನ್ನೂ ಮಾತಾಡಿಸಿಕೊಂಡು ಬರಬೇಕು ಎಂದು ಹಿರಿಯರು ಹೇಳುವುದು ಇದಕ್ಕೇ. ಆಷಾಢದಲ್ಲಿ ಬೆಟ್ಟದ ಜೊತೆಗೆ ಉತ್ತನಹಳ್ಳಿಯಲ್ಲೂ ಜನಸಾಗರ.

ನೆಂಟಸ್ತನ ಇಷ್ಟಕ್ಕೇ ನಿಲ್ಲುವುದಿಲ್ಲ. ಇನ್ನೂ ಮುಂದೆ ಹೋದರೆ ಕಪಿಲೆಯ ದಡದಲ್ಲಿ ನಂಜನಗೂಡು. ಅಲ್ಲಿನ ನಂಜುಂಡೇಶ್ವರನಿಗೂ ಬೆಟ್ಟದ ಚಾಮುಂಡಿಗೂ ನಂಟು ಎಂದು ಜನಪದ ಗಾಯಕರು ರಾತ್ರಿಯಿಡೀ ಹಾಡುತ್ತಾರೆ. ಮನೆಯಲ್ಲಿರುವ ದೇವೀರಿ ಮುನಿಸಿಕೊಳ್ಳುವುದು, ನಂಜುಂಡ ಪೇಚಿಗೆ ಸಿಕ್ಕುವುದು, ಚಾಮುಂಡಿ ಜಗಳಕ್ಕೆ ನಿಲ್ಲುವುದು, ಎಲ್ಲವೂ ಆ ಹಾಡಿನಲ್ಲಿವೆ. ಕೇಳುತ್ತಿದ್ದರೆ ದೇವರುಗಳು ನಮ್ಮ ಬೀದಿಯ ಮನೆಯವರೇ ಎನಿಸುತ್ತದೆ. ಜಾನಪದ ವಿದ್ವಾಂಸರಾದ ಪಿ.ಕೆ. ರಾಜಶೇಖರ ಅವರು ಈ ದೊಡ್ಡ ಹಾಡುಕತೆಯನ್ನು ಗಾಯಕರ ಬಾಯಿಂದ ಸಂಗ್ರಹಿಸಿ ‘ಬೆಟ್ಟದ ಚಾಮುಂಡಿ’ ಎಂಬ ಪುಸ್ತಕ ಮಾಡಿದ್ದಾರೆ.

ಹೆಸರಿನಲ್ಲೇ ಕತೆ ಇದೆ

ಬೆಟ್ಟದ ಬುಡದ ಇನ್ನಷ್ಟು ನೆಂಟರ ಹೆಸರು ಹೇಳುತ್ತೇನೆ. ಹೆಸರನ್ನು ಬಿಡಿಸಿದರೆ ಸಾಕು, ಆ ಊರು ಹೇಗಿತ್ತು ಎಂದು ಅರ್ಧ ತಿಳಿಯುತ್ತದೆ.

ತಾವರೆಕಟ್ಟೆ: ಬಸ್ಸು ಬೆಟ್ಟದ ರಸ್ತೆ ಹಿಡಿಯುವಲ್ಲಿ ಸಿಗುವ ಊರು. ಕಟ್ಟೆ ಎಂದರೆ ನೀರು ನಿಲ್ಲಿಸಲು ಹಾಕಿದ ಒಡ್ಡು, ಸಣ್ಣ ಕೆರೆ. ತಾವರೆ ಅರಳುತ್ತಿದ್ದ ಕಟ್ಟೆ. ಈಗ ರಾತ್ರಿ ಹೊತ್ತು ಬೆಟ್ಟಕ್ಕೆ ಹೋಗುವ ಬೇರೆ ಊರಿನ ವಾಹನಗಳನ್ನು ತಡೆಯುವ ಗೇಟು ಇರುವುದು ಇಲ್ಲೇ.

ಕುರುಬಾರಹಳ್ಳಿ: ಕುರಿ ಕಾಯುವವರ ಹಳ್ಳಿ. ಕುರಿ ಮೇಯಲು ಬೆಟ್ಟದ ತಪ್ಪಲಿಗಿಂತ ಒಳ್ಳೆಯ ಜಾಗ ಬೇಕೇ?

ಇಟ್ಟಿಗೆಗೂಡು: ಇಟ್ಟಿಗೆ ಸುಡುವ ಗೂಡು ಇದ್ದ ಜಾಗ. ನಮ್ಮ ಮೃಗಾಲಯದ ನೆರೆಮನೆ.

ಹೊಸಹುಂಡಿ: ಉತ್ತನಹಳ್ಳಿ ಕಡೆಯ ಊರು. ಮೈಸೂರು, ನಂಜನಗೂಡು ಸೀಮೆಯಲ್ಲಿ ‘ಹುಂಡಿ’ ಎಂದರೆ ಪುಟ್ಟ ಊರು, ನಾಲ್ಕು ಮನೆ ಸೇರಿ ಬೆಳೆದ ಹಳ್ಳಿ. ದೇವಸ್ಥಾನದ ಕಾಣಿಕೆ ಹುಂಡಿಗೂ ಇದಕ್ಕೂ ಸಂಬಂಧವಿಲ್ಲ. ಸಿದ್ದರಾಮಯ್ಯನವರ ಹುಟ್ಟೂರು ಸಿದ್ದರಾಮನಹುಂಡಿ ಎಂಬುದು ನಿಮಗೆ ಗೊತ್ತಿರಬಹುದು.

ಲಲಿತಾದ್ರಿಪುರ: ಅದ್ರಿ ಎಂದರೆ ಬೆಟ್ಟ. ಹತ್ತಿರದಲ್ಲೇ ಬಿಳಿಯ ಲಲಿತ ಮಹಲ್ ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿ, ವೈಸ್‌ರಾಯ್‌ಯಂಥ ಅತಿಥಿಗಳಿಗಾಗಿ ಕಟ್ಟಿಸಿದ್ದು.

ಒಂದು ಊರಿನ ಹೆಸರಿನಲ್ಲಿ ನೀರಿದೆ, ಇನ್ನೊಂದರಲ್ಲಿ ಕುರಿ, ಮತ್ತೊಂದರಲ್ಲಿ ಮಣ್ಣು. ಬೆಟ್ಟ ಮಳೆಯನ್ನು ಹಿಡಿದು ಕೆಳಗೆ ಕಳಿಸಿತು, ಕೆಳಗಿನವರು ಕಟ್ಟೆ ಹಾಕಿ ನಿಲ್ಲಿಸಿಕೊಂಡರು. ಮೈಸೂರು ಇರುವುದು ಕಾವೇರಿ ಮತ್ತು ಕಪಿಲೆ ನದಿಗಳ ನಡುವಿನ ದಿಣ್ಣೆಯ ಮೇಲೆ. ಬೆಟ್ಟದ ತಪ್ಪಲಿನ ಕಾರಂಜಿ ಕೆರೆಯಂಥ ಕೆರೆಗಳನ್ನು ಅರಸರು ಕಟ್ಟಿಸಿದ್ದು ಇಂಥ ಇಳಿಜಾರುಗಳನ್ನು ನೋಡಿಯೇ. ಇಂದು ಕುರುಬಾರಹಳ್ಳಿ, ಇಟ್ಟಿಗೆಗೂಡುಗಳು ನಗರದ ಬಡಾವಣೆಗಳಾಗಿವೆ. ಕುರಿಯೂ ಇಲ್ಲ, ಗೂಡೂ ಇಲ್ಲ. ಹೆಸರು ಮಾತ್ರ ಹಳೆಯ ಕತೆ ಹೇಳುತ್ತಿದೆ.

ನಗರದ ದಸರೆ ಮುಗಿದ ಮೇಲೆ

ಮೈಸೂರು ದಸರಾ ಉದ್ಘಾಟನೆ ಆಗುವುದು ಬೆಟ್ಟದ ಮೇಲೆ, ತಾಯಿಗೆ ಹೂವು ಅರ್ಪಿಸಿ. ವಿಜಯದಶಮಿಯ ದಿನ ಉತ್ಸವಮೂರ್ತಿಯನ್ನು ಅಲಂಕರಿಸಿ ಕೆಳಗೆ ಅರಮನೆಗೆ ತರುತ್ತಾರೆ. ತಾವರೆಕಟ್ಟೆ, ಕುರುಬಾರಹಳ್ಳಿ, ಇಟ್ಟಿಗೆಗೂಡು, ಹೀಗೆ ದಾರಿಯುದ್ದಕ್ಕೂ ಜನ ಕಾದು ನಿಂತು ಪೂಜೆ ಸಲ್ಲಿಸುತ್ತಾರೆ. ಬೆಟ್ಟದ ಮಗಳು ನಮ್ಮ ಬೀದಿಯಲ್ಲಿ ಹಾದು ಹೋಗುವಾಗ ಮಡಿಲು ತುಂಬಿ ಕಳಿಸುವ ಸಡಗರ ಅದು. ಆಮೇಲೆ 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಜಂಬೂಸವಾರಿ. ಮೊದಲು ಮಹಾರಾಜರು ಕೂರುತ್ತಿದ್ದ ಆ ಅಂಬಾರಿಯಲ್ಲಿ 1970ರ ದಶಕದಿಂದ ತಾಯಿಯ ಮೂರ್ತಿಯೇ ಕೂರುತ್ತದೆ. ಮಹಾರಾಜರನ್ನು ಅಂಬಾರಿಯಲ್ಲಿ ಕಂಡ ಅಜ್ಜ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಕೇಳಿ ನೋಡಿ. ಒಂದು ಸಂಜೆ ಪೂರ್ತಿ ಕತೆ ಹೇಳುತ್ತಾರೆ.

ಜಂಬೂಸವಾರಿ ಮುಗಿದರೆ ದಸರೆ ಮುಗಿಯಿತು ಎಂದು ನಗರದವರು ಮನೆ ಸೇರುತ್ತೇವೆ. ಬೆಟ್ಟದ ಊರಿನಲ್ಲಿ ನಿಜವಾದ ಹಬ್ಬ ಆಮೇಲೆ. ವಿಜಯದಶಮಿ ಕಳೆದ ಕೆಲವೇ ದಿನಗಳಲ್ಲಿ ತಾಯಿಯ ಮಹಾರಥೋತ್ಸವ ಮೇಲೆಯೇ ನಡೆಯುತ್ತದೆ. ಅಲ್ಲಿ ಆನೆಯ ಸಾಲಿಲ್ಲ, ಸ್ತಬ್ಧಚಿತ್ರಗಳಿಲ್ಲ. ದೇವಸ್ಥಾನದ ಸುತ್ತಿನ ಬೀದಿಯಲ್ಲಿ ಹಗ್ಗ ಹಿಡಿದು ತೇರು ಎಳೆಯುವ ಕೈಗಳು, ತೇರಿನತ್ತ ತೂರಿ ಬರುವ ಹಣ್ಣು ಜವನ. ಕೆಳಗಿನಿಂದ ನೆಂಟರಿಷ್ಟರು ಬರುತ್ತಾರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೆನ್ನಿಗೇ ದೇವಿಕೆರೆಯಲ್ಲಿ ತೆಪ್ಪೋತ್ಸವ.

ಬೆಟ್ಟ ಜಾರಿದ ವರ್ಷ

ಇಷ್ಟೆಲ್ಲ ಸಡಗರದ ನಡುವೆ ಒಂದು ಕಳವಳದ ಮಾತನ್ನೂ ಹೇಳಬೇಕಾಗಿದೆ. ಮಕ್ಕಳಿಗೂ ತಿಳಿಯಬೇಕಾದ ಮಾತು.

2021ರ ಅಕ್ಟೋಬರ್‌ನಲ್ಲಿ ಜೋರು ಮಳೆ ಸುರಿಯಿತು. ವ್ಯೂ ಪಾಯಿಂಟಿನಿಂದ ನಂದಿಯ ಕಡೆಗೆ ಹೋಗುವ ರಸ್ತೆಯ ಒಂದು ಭಾಗ ಕುಸಿದು ಕೆಳಕ್ಕೆ ಜಾರಿತು. ಮತ್ತೆ ಮಳೆ ಬಂದಾಗ ಮತ್ತೆ ಕುಸಿಯಿತು. ಆ ರಸ್ತೆಯಲ್ಲಿ ವಾಹನ ಸಂಚಾರ ನಿಂತಿತು.

80 ಕೋಟಿ ವರ್ಷದಿಂದ ನಿಂತ ಬೆಟ್ಟ ಯಾಕೆ ಜಾರಿತು? ಮೊಮ್ಮಗಳು ಇದೇ ಪ್ರಶ್ನೆ ಕೇಳಿದಾಗ ನಾನು ಒಂದು ಬೋಗುಣಿಯನ್ನು ಬೋರಲು ಹಾಕಿ, ಮೇಲೆ ಒದ್ದೆ ಮಣ್ಣು ಮೆತ್ತಿ ತೋರಿಸಿದೆ. ಬೋಗುಣಿ ಗಟ್ಟಿ ಬಂಡೆ. ಮೇಲಿನದು ಸಾವಿರಾರು ವರ್ಷದಲ್ಲಿ ಪುಡಿಯಾಗಿ ಕೂತ ಮಣ್ಣು. ಆ ಮಣ್ಣನ್ನು ಹಿಡಿದಿಟ್ಟಿರುವುದು ಗಿಡ ಮರಗಳ ಬೇರು. ಮಳೆನೀರು ಹರಿಯುವ ದಾರಿ ಸರಾಗವಾಗಿದ್ದರೆ ಮಣ್ಣು ಉಳಿಯುತ್ತದೆ. ರಸ್ತೆಗೆಂದು ಇಳಿಜಾರನ್ನು ಕತ್ತರಿಸಿ, ನೀರಿನ ದಾರಿ ಕಟ್ಟಿಕೊಂಡರೆ ನೀರು ಮಣ್ಣಿನೊಳಗೆ ಇಳಿಯುತ್ತದೆ. ಮಣ್ಣು ನೆಂದು ಭಾರವಾಗುತ್ತದೆ, ಬಂಡೆಯ ಮೇಲಿಂದ ಜಾರುತ್ತದೆ. ಚೊಂಬಿನಿಂದ ನೀರು ಸುರಿದೆ. ಬೋಗುಣಿಯ ಮೇಲಿನ ಮಣ್ಣು ಜರ್ರನೆ ಇಳಿಯಿತು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಆಮೇಲೆ ಅಮ್ಮನ ಕಣ್ಣಿಗೆ ಬೀಳುವ ಮೊದಲು ಬೋಗುಣಿ ತೊಳೆದಿಡಿ!

ಬೆಟ್ಟದ ಸುತ್ತ ಸುಮಾರು 1,500 ಎಕರೆ ಮೀಸಲು ಅರಣ್ಯವಿದೆ. ನವಿಲು, ಚಿಟ್ಟೆ, ಚಿರತೆ ಎಲ್ಲಕ್ಕೂ ಅದು ಮನೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಗಾಳಿಗೆ ಕ್ಷಣದಲ್ಲಿ ಹಬ್ಬುತ್ತದೆ. 2025ರ ಫೆಬ್ರವರಿಯಲ್ಲಿ ಬಿದ್ದ ಬೆಂಕಿಯ ಹೊಗೆ ನಗರದಿಂದಲೇ ಕಂಡಿತ್ತು. ಸುಟ್ಟ ಜಾಗದ ಬೇರು ಸತ್ತರೆ ಮುಂದಿನ ಮಳೆಗೆ ಮಣ್ಣು ಹಿಡಿಯುವವರು ಯಾರು?

ಬೆಟ್ಟಕ್ಕೆ ಹಗ್ಗದಾರಿ, ಅಂದರೆ ರೋಪ್‌ವೇ ಹಾಕಬೇಕೆಂಬ ಮಾತು ಬಂದಾಗ ಮೈಸೂರಿನ ಅನೇಕರು ಬೇಡವೆಂದರು. ಪರಿಸರದ ಮೇಲೆ ಪ್ರೀತಿ ಇರುವವರು, ಹಿರಿಯ ನಾಗರಿಕರು, ದಿನಾ ಮೆಟ್ಟಿಲು ಹತ್ತುವವರು ಎಲ್ಲರೂ ದನಿಗೂಡಿಸಿದರು. 2022ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ರಸ್ತೆ ಇದೆ, ಬಸ್ಸಿದೆ, ಮೆಟ್ಟಿಲಿದೆ. ಇಷ್ಟು ಚಿಕ್ಕ ಬೆಟ್ಟಕ್ಕೆ ಇದಕ್ಕಿಂತ ಹೆಚ್ಚು ಭಾರ ಬೇಡ ಎಂಬುದು ಅವರ ವಾದವಾಗಿತ್ತು. ನನಗೂ ಅದೇ ಸರಿ ಎನಿಸುತ್ತದೆ.

ಊರಿನವರ ಕಷ್ಟವನ್ನೂ ಮರೆಯುವಂತಿಲ್ಲ. ಮನೆ ಹಳತಾದರೆ ದುರಸ್ತಿ ಮಾಡಿಸಬೇಕು, ಮಗ ಮದುವೆಯಾದರೆ ಒಂದು ಕೋಣೆ ಹೆಚ್ಚು ಬೇಕು, ಅಂಗಡಿ ನಡೆಯಬೇಕು. ಬೆಟ್ಟ ಉಳಿಸಿ ಎಂದು ಕೆಳಗೆ ಕೂತು ಹೇಳುವುದು ನಮಗೆ ಸುಲಭ. ಅವರು ಅಲ್ಲೇ ಹುಟ್ಟಿದವರು. ಬೆಟ್ಟದ ಮೇಲಿನ ಭಾರದಲ್ಲಿ ಅವರ ಮನೆಗಳಿಗಿಂತ ನಮ್ಮ ವಾಹನ, ನಮ್ಮ ಕಸ, ನಮ್ಮ ಅವಸರಗಳ ಪಾಲೇ ದೊಡ್ಡದು ಎಂದು ನನ್ನ ಅನಿಸಿಕೆ.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಫ್ರಾನ್ಸ್ ದೇಶದ ಕಡಲತೀರದಲ್ಲಿ ಮೋಂ ಸೇಂ ಮಿಷೆಲ್ ಎಂಬ ಪುಟ್ಟ ಬಂಡೆಯ ದ್ವೀಪವಿದೆ. ತುದಿಯಲ್ಲಿ ಹಳೆಯ ಮಠ, ಕೆಳಗೆ ಒಂದೇ ಬೀದಿಯ ಊರು. ಅಲ್ಲಿ ವಾಸವಾಗಿರುವವರು ಕೆಲವೇ ಹತ್ತು ಮಂದಿ, ನೋಡಲು ಬರುವವರು ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಕಾರುಗಳ ಕಾಟ ಹೆಚ್ಚಾದಾಗ 2012ರಲ್ಲಿ ಅವರು ವಾಹನ ನಿಲ್ಲಿಸುವ ಜಾಗವನ್ನು ದೂರದ ನೆಲಕ್ಕೇ ಕಳಿಸಿದರು. ಅಲ್ಲಿಂದ ಮುಂದಕ್ಕೆ ಬಸ್ಸು, ಇಲ್ಲವೇ ಕಾಲ್ನಡಿಗೆ. ನಮ್ಮಲ್ಲೂ ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಲಲಿತ ಮಹಲ್ ಬಳಿಯ ಮೈದಾನದಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಕಳಿಸುತ್ತಾರೆ. ನಾಲ್ಕೈದು ಶುಕ್ರವಾರ ಆಗುವುದು ಮಿಕ್ಕ ರಜಾದಿನಗಳಲ್ಲೂ ಯಾಕಾಗಬಾರದು?

ಅಜ್ಜ ಮೊಮ್ಮಕ್ಕಳಿಗೆ ಒಂದು ದಿನದ ಕಾರ್ಯಕ್ರಮ

ಬರುವ ರಜೆಯಲ್ಲಿ ಹೀಗೆ ಮಾಡಿ. ಕಾರು ಮನೆಯಲ್ಲೇ ಇರಲಿ. ಮಂಡಿ ಗಟ್ಟಿಯಿರುವವರು ಬೆಳಗಿನ ತಂಪಿನಲ್ಲಿ ಬೆಟ್ಟದ ಪಾದದಿಂದ ಮೆಟ್ಟಿಲು ಹತ್ತಿ. ಆಗದ ಅಜ್ಜ ಅಜ್ಜಿಯರು 201ರ ಬಸ್ಸಿನಲ್ಲಿ ಮೇಲೆ ಬಂದು ಕಾಯಲಿ. ಮೊದಲು ಬಂದವರು ಯಾರು ಎಂದು ಪಂದ್ಯ ಕಟ್ಟಿದರೆ ಮಕ್ಕಳ ಕಾಲಿಗೆ ಜೋರು ಬರುತ್ತದೆ.

ಬಸವಣ್ಣನ ಹತ್ತಿರ ಕೂತು ನೀರು ಕುಡಿಯಿರಿ, ಬಾಟಲಿಯನ್ನು ಚೀಲಕ್ಕೆ ಹಾಕಿಕೊಳ್ಳಿ. ಕೋತಿಗೆ ತಿಂಡಿ ಹಾಕಬೇಡಿ. ನಾವು ಹಾಕಿ ಅಭ್ಯಾಸ ಮಾಡಿಸಿದ ಕೋತಿಯೇ ಆ ಅಜ್ಜಿಯ ಹಪ್ಪಳಕ್ಕೆ ಕೈ ಹಾಕುವುದು. ಚಾಮುಂಡೇಶ್ವರಿಯ ದರ್ಶನವಾದ ಮೇಲೆ ಮಹಾಬಲೇಶ್ವರನ ಹಳೆಯ ಗುಡಿಗೂ ಹೋಗಿ. ಅಲ್ಲಿ ಸಾಲು ಚಿಕ್ಕದು, ನೆರಳು ದೊಡ್ಡದು. ಹೂವು, ಹಣ್ಣುಕಾಯಿಯನ್ನು ಮೇಲಿನ ಊರಿನವರ ಹತ್ತಿರವೇ ಕೊಳ್ಳಿ. ಕೊಳ್ಳುವಾಗ ‘ನಿಮ್ಮೂರಲ್ಲಿ ಮಳೆ ಹೇಗಮ್ಮಾ?’ ಎಂದು ಒಂದು ಮಾತು ಕೇಳಿ. ಅವರ ಮುಖ ಅರಳುತ್ತದೆ. ಬಂದವರೆಲ್ಲ ರೇಟು ಕೇಳುತ್ತಾರೆ, ಊರಿನ ಸುದ್ದಿ ಕೇಳುವವರು ಕಡಿಮೆ.

ವ್ಯೂ ಪಾಯಿಂಟಿನಲ್ಲಿ ನಿಂತು ಅರಮನೆ, ಲಲಿತ ಮಹಲ್, ಕುದುರೆ ಪಂದ್ಯದ ಮೈದಾನ, ಕಾರಂಜಿ ಕೆರೆ, ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಇವುಗಳನ್ನು ಗುರುತಿಸುವ ಆಟ ಆಡಿ. ಅಜ್ಜ ಅಜ್ಜಿಯರು ತಾವು ಚಿಕ್ಕವರಿದ್ದಾಗ ಆ ಮನೆಗಳ ಸಾಲು ಎಲ್ಲಿಗೆ ಮುಗಿಯುತ್ತಿತ್ತು, ಹೊಲ ಎಲ್ಲಿಂದ ಶುರುವಾಗುತ್ತಿತ್ತು ಎಂದು ಬೆರಳು ಮಾಡಿ ತೋರಿಸಲಿ. ಮಕ್ಕಳು ಒಂದು ಕಾಗದದಲ್ಲಿ ನಕ್ಷೆ ಬರೆದು ಹಳೆಯ ಗಡಿಯನ್ನು ಗುರುತು ಹಾಕಿಕೊಳ್ಳಲಿ. ಯಾವ ಪಠ್ಯಪುಸ್ತಕದಲ್ಲೂ ಸಿಗದ ಪಾಠ ಅದು.

ಹಿಂದಿರುಗುವಾಗ ಹೊತ್ತಿದ್ದರೆ ಉತ್ತನಹಳ್ಳಿಗೂ ಹೋಗಿ ಬನ್ನಿ. ಅಕ್ಕನನ್ನು ನೋಡಿ ತಂಗಿಯನ್ನು ನೋಡದೆ ಬಂದರೆ ತಂಗಿ ಮುನಿಸಿಕೊಂಡಾಳು. ದಾರಿಯಲ್ಲಿ ಮೊಮ್ಮಕ್ಕಳಿಗೆ ನಾಲಿಗೆ ಹಾಸಿದ ಕತೆ ಹೇಳಿ. ನಾನು ಹೇಳಿದ ಹಾಗೇ ಹೇಳಬೇಕೆಂದಿಲ್ಲ, ನಿಮ್ಮಜ್ಜಿ ಹೇಳಿದ ಹಾಗೆ ಹೇಳಿ.